ಬೆಕ್ಕಿಗೊಂದು ಬಾಣಂತನ

ತೊಂಬತ್ತರ ದಶಕದ ಮಾತು. ನಂಜನಗೂಡಿನ ನಮ್ಮ ಮನೆಯ ಸೌದೆ ಕೋಣೆಯಲ್ಲಿ ಬೆಕ್ಕೊಂದು ಮೂರು ಮರಿ ಹಾಕಿತು. ಅವತ್ತು ಸೋಮವಾರ. ನಂಜುಂಡೇಶ್ವರನೇ ಕಳಿಸಿದ್ದಾನೆಂದು ಕೈಮುಗಿದೆ. ಎರಡು ಹೆತ್ತವಳು ನಾನು, ಬಾಣಂತನದಲ್ಲಿ ನನಗೆ ತಿಳಿಯದ್ದೇನಿದೆ ಎಂಬ ಜಂಬ ಬೇರೆ.

ತಿ. ನರಸೀಪುರದ ತವರಿನಲ್ಲಿ ಅಜ್ಜಿಯ ಕಣ್ಗಾವಲಿನಲ್ಲಿ ಅವ್ವ ನನಗೆ ಮಾಡಿದ್ದನ್ನೆಲ್ಲ ಬೆಕ್ಕಿಗೂ ಮಾಡಿದೆ. ಗಾಳಿ ತಾಗದಂತೆ ಕಿಟಕಿಗೆ ಗೋಣಿಚೀಲ, ಎರಡು ಹೊತ್ತು ಸಾಂಬ್ರಾಣಿ ಹೊಗೆ, ಅನ್ನಕ್ಕೆ ಮೆಣಸಿನ ಸಾರು. ಬೆಕ್ಕು ಸಾರನ್ನು ಮೂಸಿತು, ನನ್ನ ಮುಖ ನೋಡಿತು, ಸೀನಿತು. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನ ಬಟ್ಟಲನ್ನು ಎತ್ತಿಟ್ಟು ಬಾಗಿಲಿಗೆ ಚಿಲಕ ಹಾಕಿದೆ. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತ ಎಂದು ಅವ್ವ ನನಗೆ ದಿನಕ್ಕೆ ಎರಡು ಲೋಟದ ಮೇಲೆ ಕೊಟ್ಟವಳಲ್ಲ. ನಾನು ಬಚ್ಚಲಿನಲ್ಲಿ ಕದ್ದು ಕುಡಿದದ್ದು ಬೇರೆ ಮಾತು.

"ಸೊಂಟಕ್ಕೆ ಬಟ್ಟೆ ಕಟ್ಟೋದೊಂದು ಬಾಕಿ ಕಣೇ, ಅದ್ನೂ ಕಟ್ಬುಡು" ಎಂದರು ನಮ್ಮ ಯಜಮಾನರು.

ಆ ಪ್ರಯತ್ನ ಆಗಲೇ ಮುಗಿದಿತ್ತು. ಗೀರಿದ ಗಾಯವನ್ನು ಬಳೆಯ ಕೆಳಗೆ ಮುಚ್ಚಿಕೊಂಡೆ.

ಮೂರನೆಯ ದಿನ ಬೆಕ್ಕು ತಲೆ ಎತ್ತಲಿಲ್ಲ. ಮರಿಗಳು ಚೀಪುವುದು, ಅರಚುವುದು. ಹಾಲೇ ಇಲ್ಲ. ಸಣ್ಣದಕ್ಕಂತೂ ಅರಚಲೂ ಶಕ್ತಿಯಿರಲಿಲ್ಲ. ನನ್ನ ಜಂಬ ಜರ್ರನೆ ಇಳಿಯಿತು. ನಾಲ್ಕನ್ನೂ ಬುಟ್ಟಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಓಡಿದೆ.

ಡಾಕ್ಟರು ಬೆಕ್ಕಿನ ಕತ್ತಿನ ಚರ್ಮ ಹಿಡಿದೆತ್ತಿ ಬಿಟ್ಟರು. ಚರ್ಮ ಎತ್ತಿದ ಹಾಗೇ ನಿಂತಿತು.

"ನೀರು ಕುಡೀತಾ ಇದ್ಯಾ?"

"ಬಾಣಂತಿಗೆ ನೀರಾ ಸಾ?"

ಅವರು ಕೇಳಿ ಕೇಳಿ ಹೊಗೆ, ಸಾರು, ಚಿಲಕ ಎಲ್ಲವನ್ನೂ ನನ್ನ ಬಾಯಿಂದ ಹೊರಡಿಸಿದರು. "ಅಮ್ಮಾ, ಇದು ನಿಮ್ಮ ಮಗಳಲ್ಲ, ಬೆಕ್ಕು. ನೀರಿಲ್ದೆ ಹಾಲೆಲ್ಲಿಂದ ಬರ್ಬೇಕು? ಆ ಹೊಗೆ, ಸಾರು ಎಲ್ಲ ಬುಟ್ಬುಡಿ. ಯಾವಾಗ್ಲೂ ನೀರಿರ್ಲಿ. ದಿನಾ ಒಂದು ಬೇಯ್ಸಿದ ಮೊಟ್ಟೆ ಹಾಕಿ."

ಬೆಕ್ಕಿನ ಚರ್ಮದಡಿಗೆ ಸಲೈನ್ ಕೊಟ್ಟು ಕಳಿಸಿದರು.

ಮೊಟ್ಟೆ ಹೊಸ್ತಿಲು ದಾಟದ ಮನೆ ನಮ್ಮದು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ಡಬ್ಬದಲ್ಲಿ ಬೇಯಿಸಿ ಹಾಕಿ, ಮತ್ತೆ ಸ್ನಾನ ಮಾಡಿ ಪೂಜೆಗೆ ಕೂತೆ. "ನಂಗಲ್ಲ ಕಣಪ್ಪಾ, ಹೆತ್ತವಳಿಗೆ" ಎಂದು ಶಿವನಿಗೂ ಹೇಳಿಟ್ಟೆ. ಮಾರನೆಯ ಸಂಜೆಗೆ ಮರಿಗಳ ಹೊಟ್ಟೆ ಗುಂಡಗಾಯಿತು. ಸಣ್ಣದೂ ಉಳಿಯಿತು.

ಮುಂದಿನ ಸೋಮವಾರ ದೇವಸ್ಥಾನಕ್ಕೆಂದು ಅವ್ವ ಬಂದಳು. ತಪ್ಪನ್ನೆಲ್ಲ ಅವಳ ತಲೆಗೇ ಕಟ್ಟಿದೆ. "ನೀನು ನಂಗೆ ನೀರು ಕೊಡ್ದೇ ಇದ್ದಿದ್ಕೇ ಇದೆಲ್ಲ ಆಗಿದ್ದು."

"ಸುಮ್ನಿರೇ. ದಿನಾ ಬಚ್ಚಲಲ್ಲಿ ಕಾಯ್ಸಿ ಆರ್ಸಿದ ನೀರು ಚೊಂಬಲ್ಲಿ ಇಟ್ಟೋಳು ಯಾರು? ನಿಮ್ಮಜ್ಜಿ ಎದುರಿಗೆ ಕೊಡಕ್ಕಾಯ್ತಿರ್ಲಿಲ್ಲ. ಕದ್ದಾದ್ರೂ ಕುಡ್ಕಳ್ಳಿ ಅಂತ ಇಡ್ತಿದ್ದೆ."

ಇಷ್ಟು ವರ್ಷ ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ. ಬಚ್ಚಲಿಗೆ ಆರಿದ ನೀರು ತಾನಾಗಿ ನಡೆದು ಬರುವುದಿಲ್ಲ ಎಂದು ಎರಡು ಬಾಣಂತನದಲ್ಲೂ ನನಗೆ ಹೊಳೆಯಲಿಲ್ಲ. ಎದ್ದು ಹೋಗಿ ಬೆಕ್ಕಿನ ಬಟ್ಟಲು ತುಂಬಿಸಿದೆ.