ಸೀನಪ್ಪನವರ ಡಾಗ್‌ವುಡ್

ಬೆಳಿಗ್ಗೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಸೀನಪ್ಪನವರು ಗಲ್ಫ್‌ನ ಅಲ್ ಅಜೀಜಿಯಾದ ತಮ್ಮ ಮನೆಯಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಕುಂಡದಲ್ಲಿದ್ದ ಗೇಣುದ್ದದ ಗಿಡದ ಬುಡದ ಮಣ್ಣಿಗೆ ಥರ್ಮಾಮೀಟರ್ ಚುಚ್ಚುತ್ತಿದ್ದರು. ಅದು ಡಾಗ್‌ವುಡ್, ಹಿಮ ಬೀಳುವ ದೇಶಗಳ ಹೂಮರ. ಅಲ್ಲಿನ ವೆಸ್ಟ್ ಬೇಯ ಗಗನಚುಂಬಿ ಕಟ್ಟಡವೊಂದರಲ್ಲಿ ಎಸಿ ಸೂಪರ್‌ವೈಸರ್ ಆಗಿರುವ ಅವರಿಗೆ, ಇಪ್ಪತ್ತೆರಡು ಮಹಡಿಗಳನ್ನು ತಂಪಾಗಿಡುವವನಿಗೆ ಒಂದು ಗಿಡ ಯಾವ ಲೆಕ್ಕ ಎಂಬ ಧೈರ್ಯ. ಅದರ ಬೀಜಗಳು ನೂರು ದಿನ ಒದ್ದೆ ಮರಳಿನ ಡಬ್ಬಿಗಳಲ್ಲಿ ಫ್ರಿಜ್ಜಿನೊಳಗೆ ಮಲಗಿದ್ದವು. ಅಷ್ಟೂ ದಿನ ಅವರ ಹೆಂಡತಿ ಪೂವಕ್ಕನ ದೋಸೆ ಹಿಟ್ಟು ಜಾಗವಿಲ್ಲದೆ ಹೊರಗೇ ಹುಳಿ ಬಂತು. ಈಗ ಬಿಸಿಲೇರುವ ಮೊದಲೇ ಕುಂಡ ಒಳಗೆ ಬಂದು ಎಸಿಯ ಎದುರಿನ ಸೋಫಾದ ಮೇಲೆ ಕೂರುತ್ತದೆ. "ನೆಂಟರು ಬಂದ್ರೆ ನೆಲದಲ್ಲಿ ಕೂತ್ಕೊಳ್ಳುದಾ?" ಎಂದು ಪೂವಕ್ಕ ಕೇಳಿದರೆ, "ನೆಂಟರ ಬೇರು ಒಣಗುದಿಲ್ಲ ಮಾರಾಯ್ತಿ" ಎನ್ನುತ್ತಾರೆ. ಆ ನೆಂಟರಿಗೆ, ಡಾಗ್‌ವುಡ್‌ನಲ್ಲಿ ಬಿಳಿ ಎಸಳಿನಂತೆ ಕಾಣುವುದು ನಿಜಕ್ಕೂ ಎಲೆ ಎಂಬ ಪಾಠವೂ ಆಗುತ್ತದೆ; ಹೂ ಮಾತ್ರ ಇನ್ನೂ ಸೀನಪ್ಪನವರ ಫೋನಿನ ಚಿತ್ರದಲ್ಲಷ್ಟೇ ಇದೆ. ಪೂವಕ್ಕ ಎಲ್ಲವನ್ನೂ ಸಹಿಸಿಕೊಂಡಿದ್ದರು. ಊರಿಗೆ ಹೋಗುವುದು ಯಾವಾಗ ಎಂದರೆ ಗಂಡ ಇಪ್ಪತ್ತು ವರ್ಷಗಳಿಂದ "ಇನ್ನೆರಡೇ ವರ್ಷ, ಮತ್ತೆ ಖಲಾಸ್" ಎನ್ನುತ್ತಲೇ ಇದ್ದರು. ಈ ಸಲ ಪೂವಕ್ಕ ಅದನ್ನು ನಂಬಿ, ಊರಾದ ಕಾಪುವಿನ ಮನೆಯ ಬಾಡಿಗೆಯವರಿಗೆ ಖಾಲಿ ಮಾಡಲು ಹೇಳಿಬಿಟ್ಟಿದ್ದರು. ಅಂಗಳಕ್ಕೆ ಚಹಾ ತಂದವರು ಸುಮ್ಮನೆ ಕೇಳಿದರು: "ಇದು ಹೂ ಬಿಡ್ಲಿಕ್ಕೆ ಎಷ್ಟು ಸಮಯ ಬೇಕು?" ಗಿಡಗಳ ವಿಷಯದಲ್ಲಿ ಎಂದೂ ಸುಳ್ಳು ಹೇಳದ ಸೀನಪ್ಪನವರು ಯೋಚಿಸದೆ ಉತ್ತರಿಸಿದರು: "ಕಡಿಮೆ ಅಂದ್ರೂ ಏಳು ವರ್ಷ."