ನೀರು ಕೇಳದ ಗಿಡ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಹದಿನೇಳು ವರ್ಷದಿಂದ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ. ಸುಕ್ಕು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮೊದಲು ನೀರು ಚಿಮುಕಿಸಬೇಕು, ಆಮೇಲೆ ಒತ್ತಬೇಕು. ಅವಳಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಗಂಡ ರೋಡ್ ರೋಲರ್ ಓಡಿಸುತ್ತಿದ್ದ. ಮಾತೂ ನಿಧಾನ, ನಡಿಗೆಯೂ ನಿಧಾನ. "ನಿನ್ನ ಗಂಡ ಗೇಟಿಂದ ಬಾಗಿಲಿಗೆ ಬರೋದ್ರೊಳಗೆ ನಾನೊಂದು ಅಂಗಿ ಹೊಲಿದು ಮುಗಿಸ್ತೀನಿ" ಎಂದು ಪಕ್ಕದ ಮನೆಯ ಟೈಲರಮ್ಮ ಆಡಿಕೊಳ್ಳುತ್ತಿದ್ದಳು. ಅವನು ನಗುತ್ತಿದ್ದ, ಅದೂ ನಿಧಾನಕ್ಕೆ.

ಆರು ವರ್ಷದ ಹಿಂದೆ ಬೆಟ್ಟದ ಪಕ್ಕ ರಸ್ತೆ ಅಗಲ ಮಾಡುತ್ತಿದ್ದಾಗ, ಮಣ್ಣು ಅಗೆಯುವ ಯಂತ್ರದ ಬಾಯಿಗೆ ಬೀಳಲಿದ್ದ ಒಂದು ಗಿಡವನ್ನು ಬೇರುಸಮೇತ ಎಬ್ಬಿಸಿ, ತಲೆಯ ಹೆಲ್ಮೆಟ್ ಕಳಚಿ ಅದರಲ್ಲಿಟ್ಟುಕೊಂಡು ಬಂದ. ಅಂಗೈಯಗಲದ್ದು. ಬೂದುಬಣ್ಣದ ಎಲೆ.

"ಏನಿದು ಕಳೆ?" ಎಂದಳು ಅವಳು.

"ಕಳೆ ಅಲ್ವೇ. ಸೇಜ್ ಅಂತ, ತುಳಸಿ ಬಳಗದ್ದು. ನಮ್ಮ ಬೆಟ್ಟದ್ದೇ ಜಾತಿ. ಎಲೆ ತಿಕ್ಕಿ ನೋಡು."

ತಿಕ್ಕಿ ನೋಡಿದಳು. ಬೆರಳಿಗೆ ಹತ್ತಿದ ವಾಸನೆ ರಾತ್ರಿ ಪಾತ್ರೆ ತೊಳೆದರೂ ಹೋಗಲಿಲ್ಲ.

ಹಿತ್ತಲಿನ ಬಿಸಿಲು ಮೂಲೆಯಲ್ಲಿ ಜಲ್ಲಿ, ಮರಳು ಬೆರೆಸಿ ದಿಬ್ಬ ಮಾಡಿ ನೆಟ್ಟ. ಗೊಬ್ಬರ ಹಾಕಲಿಲ್ಲ. ಮೊದಲ ವರ್ಷ ಮಾತ್ರ ಎರಡು ವಾರಕ್ಕೊಂದು ಸಲ ನೀರು, ಆಮೇಲೆ ಮಳೆ ಕೊಟ್ಟಷ್ಟೇ. ಹೂ ಮುಗಿದ ಮೇಲೆ ತುದಿಗಳನ್ನಷ್ಟೇ ಚಿವುಟುತ್ತಿದ್ದ. ಗಿಡ ಮೊಣಕಾಲೆತ್ತರ ದಾಟಲಿಲ್ಲ. ಮಗುಚಿಟ್ಟ ಬುಟ್ಟಿಯ ಹಾಗೆ ಗುಂಡಗೆ ಕೂತಿತು. ಪ್ರತಿ ವರ್ಷ ನೀಲಿ ಹೂ, ಹೂವಿನ ತುಂಬ ಜೇನುನೊಣ.

"ಬೇಸಿಗೇಲಿ ಇದು ಸತ್ತ ಹಾಗೆ ಕಾಣುತ್ತೆ. ನೋಡೋಕಾಗಲ್ಲ ಅಂತ ನೀರು ಹಾಕಿಬಿಟ್ಟೀಯ, ಜೋಕೆ. ಆವಾಗ ನಿಜವಾಗ್ಲೂ ಸಾಯುತ್ತೆ" ಎಂದು ಅವನು ವರ್ಷ ವರ್ಷವೂ ಹೇಳುತ್ತಿದ್ದ. ಅವಳು ಹ್ಞೂ ಎನ್ನುತ್ತಿದ್ದಳು.

ಈ ವರ್ಷ ಚಳಿಗಾಲದಲ್ಲಿ ಅವನು ರೋಲರಿನ ಸೀಟಿನ ಮೇಲೆ ಕೂತಲ್ಲೇ ಹೋದ. ಎಂಜಿನ್ ಆಫ್ ಮಾಡಿಯೇ ಹೋಗಿದ್ದ ಎಂದು ಜೊತೆಯವರು ಹೇಳಿದರು.

ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದದ್ದು ಅವಳು, ಅತ್ತೆ. ಅತ್ತೆಗೆ ಎಂಬತ್ತರ ಮೇಲೆ. ಒಂದೆರಡು ವರ್ಷದಿಂದ ಮರೆವು. ಊಟ ಮಾಡಿ ಕೈ ತೊಳೆದವರೇ "ಊಟ ಆಯ್ತಾ ನಂದು?" ಎಂದು ಕೇಳುವರು. ಆದರೆ ಮಗ ಹೋದದ್ದು ಮಾತ್ರ ಮರೆಯಲಿಲ್ಲ. ಎದೆಗೆ ತಾಗಿದ್ದು ನಿಲ್ಲುತ್ತಿತ್ತು, ಮಿಕ್ಕಿದ್ದು ಸೋರಿಹೋಗುತ್ತಿತ್ತು.

ಬೇಸಿಗೆ ಬಂತು. ಗಿಡದ ಎಲೆ ಸುರುಟಿಕೊಂಡಿತು, ಸುಕ್ಕುಗಟ್ಟಿತು. ಅವಳು ದಿನಾ ನೋಡಿದಳು. ಅವನು ಹೇಳಿದ್ದು ನೆನಪಿರಲಿಲ್ಲವೆಂದಲ್ಲ, ಚೆನ್ನಾಗಿಯೇ ನೆನಪಿತ್ತು. ಆದರೂ ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಕೈ ತಡೆಯಲಿಲ್ಲ. ಇಸ್ತ್ರಿ ಬಟ್ಟೆಗೆ ಚಿಮುಕಿಸಿದ ಹಾಗೆ ಒಂದಿಷ್ಟು ಚಿಮುಕಿಸಿದಳು. ಮಾರನೆಯ ದಿನ ಒಂದು ಚೊಂಬು. ವಾರ ಕಳೆಯುವಷ್ಟರಲ್ಲಿ ಗಿಡ ಇನ್ನೂ ಬಾಡಿತು. ಬಾಯಾರಿದೆ ಎಂದುಕೊಂಡು ಅರ್ಧ ಬಕೆಟ್ ಸುರಿದಳು. ಮತ್ತೂ ಬಾಡಿತು. ಪೂರ್ತಿ ಬಕೆಟ್ ಸುರಿದಳು.

ರಜೆಯ ದಿನ ಬಟ್ಟೆ ಒಣಹಾಕುತ್ತಿದ್ದಾಗ ಟೈಲರಮ್ಮ ಕಾಂಪೌಂಡಿನಾಚೆಯಿಂದ ಇಣುಕಿದಳು.

"ಇದೇನೇ, ಗಿಡ ಕಪ್ಪಾಗಿದೆ?"

ಅವಳು ಹೋಗಿ ರೆಂಬೆ ಹಿಡಿದಳು. ಗಿಡ ಹಾಗೇ ಕೈಗೆ ಬಂತು. ಬೇರು ಕೊಳೆತು ನಾರುತ್ತಿತ್ತು.

"ಮಣ್ಣು ನೋಡು, ಕೆಸರು. ಯಾರೋ ನೀರು ಹುಯ್ದಿದ್ದಾರೆ."

"ಅತ್ತೆ ಹಾಕಿರ್ತಾರೆ" ಎಂದಳು ಅವಳು. "ಹೇಳಿದ್ರೆ ಎಲ್ಲಿ ನೆನಪಿರುತ್ತೆ ಅವರಿಗೆ."

ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ತಿರುಗಿದರೆ ಅತ್ತೆ ಹಿತ್ತಲ ಬಾಗಿಲಲ್ಲೇ ನಿಂತಿದ್ದರು. ಮಾತ್ರೆ ನುಂಗಿದ ಲೋಟ ಕೈಯಲ್ಲಿತ್ತು. ಲೋಟ ನೋಡಿಕೊಂಡರು. ಗಿಡ ನೋಡಿದರು.

"ನಾನಾ?" ಎಂದರು. ಲೋಟವನ್ನು ಹೊಸ್ತಿಲ ಮೇಲಿಟ್ಟು, "ನಾನೇ ಇರ್ಬೇಕು. ನಂಗೆಲ್ಲಿ ನೆನಪಿರುತ್ತೆ. ಅವನ ಗಿಡಾನ ನಾನೇ ಕೊಂದ್ನಲ್ಲ ಕಣೆ."

ಆಗಲಾದರೂ ಅಲ್ಲ ಎನ್ನಬಹುದಿತ್ತು. ಅವಳು ಬಟ್ಟೆ ಕೊಡವಿ ತಂತಿಗೆ ಹಾಕಿದಳು.

ಮಾರನೆಯ ದಿನ ಅತ್ತೆ ಹಳೆಯ ಹೊದಿಕೆಯಿಂದ ಒಂದು ಪಟ್ಟಿ ಹರಿದು ಬಲಗೈ ಮಣಿಕಟ್ಟಿಗೆ ಸುತ್ತಿಕೊಂಡರು. ಏನದು ಎಂದು ಕೇಳಿದರೆ, "ಈ ಕೈಯೇ ತಾನೇ ಹುಯ್ದದ್ದು? ಇದಕ್ಕೆ ನೆನಪಿರ್ಲಿ ಅಂತ" ಎಂದರು. ಹಿತ್ತಲಿಗೆ ಕಾಲಿಡುವುದನ್ನು ನಿಲ್ಲಿಸಿದರು. ನೀರಿನ ಲೋಟ ಎತ್ತಲು ಹೆದರಿ ಮಾತ್ರೆಯನ್ನು ಒಣಬಾಯಲ್ಲೇ ನುಂಗತೊಡಗಿದರು. ಅವಳು ನೋಡಿಯೂ ನೋಡದವಳ ಹಾಗೆ ಓಡಾಡಿದಳು. ಲಾಂಡ್ರಿಯಲ್ಲಿ ಎರಡು ಹೊದಿಕೆ ಸುಟ್ಟಳು. "ಇಸ್ತ್ರಿಯಕ್ಕನ ತಲೆ ಎಲ್ಲಿದೆ?" ಎಂದು ಜೊತೆಯವರು ನಕ್ಕರು.

ಹತ್ತು ದಿನ ಹೀಗೆ ಕಳೆಯಿತು. ಹನ್ನೊಂದನೆಯ ದಿನ ಲಂಗದ ಹೊಲಿಗೆ ಬಿಚ್ಚಿಸಲು ಟೈಲರಮ್ಮನ ಮನೆಗೆ ಹೋದಾಗ ಆಕೆ ಮಷೀನಿನಿಂದ ತಲೆ ಎತ್ತದೆಯೇ ಕೇಳಿದಳು:

"ನಿಮ್ಮತ್ತೆ ಕೈಗೆ ಏನದು ಕಟ್ಟು?"

"ಏನೋ. ಸುಮ್ನೆ ಕಟ್ಕೊಂಡಿದ್ದಾರೆ."

"ನಾನು ಐದೂವರೆಗೇ ಮಷೀನ್ ಮುಂದೆ ಕೂತ್ಕೊಳ್ತೀನಿ ಕಣೆ. ನಿನ್ನ ಬಕೆಟ್ ಸದ್ದು ದಿನಾ ಕೇಳ್ತಿತ್ತು."

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ ಅಕ್ಕ?"

"ನೀನು ಹೇಳ್ತೀಯ ಅಂತ ಕಾದೆ" ಎಂದಳು ಟೈಲರಮ್ಮ. ಹಲ್ಲಿನಿಂದ ದಾರ ಕಡಿದಳು. "ಅವನು ಹೋದ ದುಃಖ ನಿಂಗೊಬ್ಬಳಿಗೇನಾ? ನಿಂಗೆ ಗಂಡ, ಆಕೆಗೆ ಮಗ."

ಮನೆಗೆ ಬಂದವಳೇ ಅತ್ತೆಯ ಮುಂದೆ ನೆಲದ ಮೇಲೆ ಕೂತಳು. ಬಕೆಟ್ಟು, ಚೊಂಬು, ಕೊಳೆತ ಬೇರು ಎಲ್ಲ ಹೇಳಿದಳು. ಅತ್ತೆ ಕಣ್ಣು ಮಿಟುಕಿಸದೆ ಕೇಳಿದರು.

"ಮತ್ತೆ ನನ್ನ ಹೆಸರು ಯಾಕೆ ಹೇಳ್ದೆ?"

"ನಾಚಿಕೆಯಾಯ್ತು ಅತ್ತೆ. ಅವರು ಅಷ್ಟು ಹೇಳಿದ್ರೂ ಕೇಳದೆ ಸಾಯಿಸಿದ್ನಲ್ಲ ಅಂತ."

"ನಿಂಗೆ ನಾಚಿಕೆಯಾದ್ರೆ ನಾನು ಹೊರಬೇಕಾ?" ಎಂದರು ಅತ್ತೆ. ಏರಿದ ದನಿಯಲ್ಲ. ಕೈಯ ಪಟ್ಟಿ ಬಿಚ್ಚಿ ಅವಳ ತೊಡೆಯ ಮೇಲೆ ಎಸೆದರು. ಆಮೇಲೆ ಲೋಟದ ತುಂಬ ನೀರು ತರಿಸಿ ಗಟಗಟ ಕುಡಿದರು. ಅವಳಿಗೆ ಮೈಮೇಲಿನ ಮೂಟೆ ಇಳಿಸಿದಂತಾಯಿತು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಮಂಚದ ಮೇಲೆ ಕೂತು ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಿದ್ದರು.

"ಮಗಳೆ, ನಿನ್ನ ಗಂಡನ ಗಿಡ ನಾನೇ ಕೊಂದೆ. ತಪ್ಪಾಯ್ತು."

ತಪ್ಪು ಉಳಿದಿತ್ತು. ಅದು ಯಾರದೆಂದು ಹೇಳಿದ ಮಾತು ಸೋರಿಹೋಗಿತ್ತು.

ಅವಳು ಮತ್ತೆ ಕೂತು ಹೇಳಿದಳು. ಅತ್ತೆ ಮತ್ತೆ ಅದನ್ನೇ ಕೇಳಿದರು, ಯಾಕೆ ನನ್ನ ಹೆಸರು ಹೇಳ್ದೆ ಎಂದು. ಮಾರನೆಯ ದಿನವೂ ಅದೇ. ಪಟ್ಟಿಯನ್ನು ಬಚ್ಚಿಟ್ಟರೆ ಇನ್ನೊಂದು ಹರಿದುಕೊಂಡರು. ಮೊದಮೊದಲು ಹೇಳುವಾಗ ಅವಳಿಗೆ ಅಳು ಬರುತ್ತಿತ್ತು. ಆಮೇಲೆ ಅಳು ನಿಂತಿತು. ಚಪ್ಪಲಿ ಮೆಟ್ಟುತ್ತಲೇ "ನೀವಲ್ಲ ಅತ್ತೆ, ನಾನು" ಎಂದು ಎರಡೇ ಮಾತಿನಲ್ಲಿ ಮುಗಿಸತೊಡಗಿದಳು. ಅಷ್ಟಕ್ಕೆ ಅತ್ತೆ ನಂಬುತ್ತಿರಲಿಲ್ಲ. ನನ್ನ ಸಮಾಧಾನಕ್ಕೆ ಹೇಳ್ತೀಯ ಎನ್ನುತ್ತಿದ್ದರು. ಪೂರ್ತಿ ಹೇಳಿದರಷ್ಟೇ ಪಟ್ಟಿ ಬಿಚ್ಚುತ್ತಿದ್ದರು.

ಒಂದು ಸೋಮವಾರ ಬಸ್ಸಿಗೆ ಹೊತ್ತಾಗಿತ್ತು. ತಿರುವಿನಲ್ಲಿ ಹಾರ್ನ್ ಕೇಳಿಸುತ್ತಿತ್ತು. ಅತ್ತೆ ಕಟ್ಟಿದ ಕೈಯನ್ನು ಮುಂದೆ ಚಾಚಿ ಬಾಗಿಲಿಗೆ ಅಡ್ಡ ನಿಂತರು.

"ತಪ್ಪಾಯ್ತು ಮಗಳೆ."

"ಹೋಗ್ಲಿ ಬಿಡಿ ಅತ್ತೆ" ಎಂದಳು ಅವಳು. "ನಂಗೇನೂ ಬೇಜಾರಿಲ್ಲ."

ಅತ್ತೆಯ ಮುಖ ಅರಳಿತು. "ದೊಡ್ಡ ಮನಸ್ಸು ಕಣೆ ನಿಂದು" ಎಂದು ಅವಳ ಕೆನ್ನೆ ಸವರಿ ದಾರಿ ಬಿಟ್ಟರು.

ಬಸ್ಸು ಸಿಕ್ಕಿತು. ಸೀಟೂ ಖಾಲಿಯಿತ್ತು. ಅವಳು ಕೂರದೆ, ಕಂಬಿ ಹಿಡಿದು ಆಸ್ಪತ್ರೆಯವರೆಗೂ ನಿಂತೇ ಹೋದಳು.