ಚಿಗವ್ವನಿಗೆ ಕೊಟ್ಟ ಬಿಳಿ ಡಬ್ಬಿ

ಸುರೇಖಾ, ನಿನ್ನ ಅವ್ವನಿಗೆ ನಾನು ತಂದುಕೊಟ್ಟ ಡಬ್ಬಿಯಲ್ಲಿ ಔಷಧ ಇರಲಿಲ್ಲ. ನನಗದು ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ.

ಇಷ್ಟು ಬರೆಯಲು ವರ್ಷಗಳೇ ಹಿಡಿದವು. ಸಿಕ್ಕಾಗಲೆಲ್ಲ ನೀನು ನನ್ನ ಕೈ ಹಿಡಿದು, "ನೀ ಕೊಟ್ಟ ಔಷಧದಿಂದ ಅವ್ವಗ ಕಡೀಕ ನೋವರ ಕಡಿಮಿ ಆಗಿತ್ತು ನೋಡಕ್ಕಾ" ಅನ್ನುತ್ತೀಯ. ನಾನು ತಲೆಯಾಡಿಸಿ, ನಿನ್ನ ಮನೆಯ ಚಹಾ ಕುಡಿದು, ಎದ್ದು ಬರುತ್ತೇನೆ.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಿನ್ನ ಅವ್ವ, ನನ್ನ ಚಿಗವ್ವ, ಹೊಲದಲ್ಲಿ ಜೋಳದ ಕೂಳೆ ತುಳಿದಿದ್ದಳು. ಸಕ್ಕರೆ ಕಾಯಿಲೆಯ ಕಾಲು — ಗಾಯ ಮಾಯಲಿಲ್ಲ, ಕೀವಾಯಿತು. ಸಿಕ್ಕ ಮಾತ್ರೆ ನುಂಗುವುದು, ಕೊಂಚ ಆರಾಮವಾದರೆ ಬಿಡುವುದು, ಮತ್ತೆ ನುಂಗುವುದು... ಕಡೆಗೆ ರಾಮದುರ್ಗದ ಡಾಕ್ಟರು, ರೋಗಾಣುಗಳು ಮಾಮೂಲಿ ಔಷಧಕ್ಕೆ ಬಗ್ಗುತ್ತಿಲ್ಲ, ದಿನಾ ಬಂದು ಇಂಜೆಕ್ಷನ್ ತೆಗೆದುಕೊಳ್ಳಲೇಬೇಕು ಎಂದರು. ಕಟಕೋಳದಿಂದ ದಿನಾ ಬಸ್ಸು, ಅದೂ ಕುಂಟುತ್ತ. ಅವಳಿಗೆ ಸಾಕಾಗಿತ್ತು.

ನಾನಾಗ ಧಾರವಾಡದ ಪ್ರಯೋಗಾಲಯವೊಂದರಲ್ಲಿ ಇಂಥ ಗಾಯಗಳಿಗೆಂದೇ ಜೆಲ್ ತಯಾರಿಸುವ ಕೆಲಸದಲ್ಲಿದ್ದೆ. ಕಣ್ಣಿಗೆ ಕಾಣದ ನ್ಯಾನೋ ಕಣಗಳೊಳಗೆ ಆಂಟಿಬಯಾಟಿಕ್ ತುಂಬಿ, ನೀರು ಹಿಡಿದಿಡುವ ಜೆಲ್‌ನಲ್ಲಿ ಬೆರೆಸುತ್ತಿದ್ದೆವು. ಅದು ಗಾಯದ ಮೇಲೆ ಕುಳಿತು, ಔಷಧವನ್ನು ನಿಧಾನವಾಗಿ ಬಿಡುತ್ತ, ಮಾತ್ರೆಗೆ ಜಗ್ಗದ ರೋಗಾಣುವನ್ನೂ ಕೊಲ್ಲಬೇಕು — ಅದು ನಮ್ಮ ಆಸೆ. ಗಾಜಿನ ತಟ್ಟೆಯಲ್ಲಿ ಕೊಲ್ಲುತ್ತಿತ್ತು. ಮನುಷ್ಯರ ಮೇಲೆ ಇನ್ನೂ ಪರೀಕ್ಷೆಯಾಗಿರಲಿಲ್ಲ. ನಾನು ಮಾತ್ರ ಸಂಪಗಾಂವದ ಮದುವೆಯೊಂದರ ಪಂಕ್ತಿಯಲ್ಲಿ ಕುಳಿತು, ಔಷಧ ಸಿದ್ಧವಾಗಿಯೇಬಿಟ್ಟಿದೆ ಎಂಬಂತೆ ಜಂಬ ಕೊಚ್ಚಿದ್ದೆ. ಪಕ್ಕದಲ್ಲಿ ಚಿಗವ್ವ ಇದ್ದಳು.

"ನಿಮ್ಮಲ್ಲೆ ಮಾಡೂ ಔಷಧ ನಂಗೊಂದಿಷ್ಟ ತಂದ ಕೊಡವಾ," ಅಂದಳು.

ಆಗುವುದಿಲ್ಲ ಅನ್ನಬೇಕಿತ್ತು. ಅಷ್ಟು ಹೇಳಿಕೊಂಡ ಮೇಲೆ ನಾಚಿಕೆ. ನಿಜವಾದ ಜೆಲ್ ಹೊರಗೆ ತಂದರೆ ಕೆಲಸ ಹೋಗುತ್ತಿತ್ತು. ಆದರೆ ಹೋಲಿಸಿ ನೋಡಲೆಂದು ಪ್ರತಿ ಸಲವೂ ಔಷಧ ಬೆರೆಸದ ಜೆಲ್ಲನ್ನೂ ಮಾಡುತ್ತಿದ್ದೆವು. ಅದೇ ಬಿಳುಪು, ಅದೇ ತಂಪು. ಕೆಲಸ ಮುಗಿದ ಮೇಲೆ ಚೆಲ್ಲುವಂಥದ್ದು. ಅದನ್ನೇ ಡಬ್ಬಿಗೆ ತುಂಬಿ ಕಟಕೋಳಕ್ಕೆ ತಂದೆ. ಕೆಡುಕಂತೂ ಆಗುವುದಿಲ್ಲ, ಅವಳಿಗೂ ಸಮಾಧಾನ — ಹಾಗಂದುಕೊಂಡೆ. "ಇದನ್ನ ಹಚ್ಚಕೋ ಚಿಗವ್ವ, ಆರಾಮ ಆಗತೈತಿ" ಅಂದೆ. ಇಂಜೆಕ್ಷನ್ ಬಿಡಬೇಡ ಎಂದೂ ಹೇಳಿದ್ದೆನೆಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಮುಂದಿನದು. ಕೆಲವು ದಿನಗಳಲ್ಲೇ ಚಿಗವ್ವನ ಫೋನು ಬಂತು. ದನಿಯಲ್ಲಿ ಏನು ಹಿಗ್ಗು!

"ಉರಿ ಕಡಿಮಿ ಆಗೇತಿ ನೋಡವಾ. ಭಾಳ ತಂಪ ಐತಿ ನಿನ್ನ ಔಷಧ. ಇಂಜೆಕ್ಷನ್ ಬಿಟ್ಟಬಿಟ್ಟೇನಿ. ಓಣ್ಯಾಗ ಎಲ್ಲಾರಿಗೂ ಹೇಳೇನಿ, ನಮ್ಮ ಹುಡುಗಿ ಮಾಡಿದ್ದಂತ."

ತಂಪಾಗಿದ್ದದ್ದು ಜೆಲ್ಲಿನ ನೀರು. ಒಳಗೆ ಕೀವು ಎಲುಬಿನತ್ತ ಇಳಿಯುತ್ತಿರಬಹುದೆಂದು ನನಗೆ ತಿಳಿಯದೇ? ಅದರಲ್ಲಿ ಔಷಧವಿಲ್ಲ ಚಿಗವ್ವ, ಈಗಲೇ ಬಸ್ಸು ಹತ್ತು — ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬಂದಿತ್ತು ಕೂಡ. ಅವಳ ಹಿಗ್ಗು ಕೆಡಿಸಬಾರದೆಂದು... ಇಲ್ಲ, ನನ್ನ ಮರ್ಯಾದೆ ನೆನೆದು ನುಂಗಿಕೊಂಡೆ. "ಒಮ್ಮೆ ಡಾಕ್ಟರಿಗೂ ತೋರಸು" ಅಂದೆ, ಊಟವಾಯಿತೇ ಎಂದು ಕೇಳಿದಷ್ಟು ಹಗುರಾಗಿ.

ನಂಜು ರಕ್ತಕ್ಕೇರಿ ಚಿಗವ್ವ ಹೋದಳು. ಮಣ್ಣಿಗೆ ಬಂದವರೆಲ್ಲ, ಔಷಧಕ್ಕೇ ಬಗ್ಗದ ರೋಗ, ಯಾರೇನು ಮಾಡಲಾದೀತು ಎಂದರು. ಆ ಮಾತಿನ ಮರೆಯಲ್ಲೇ ಇಷ್ಟು ವರ್ಷ ಕುಳಿತೆ. ಇಂಜೆಕ್ಷನ್ ಮುಂದುವರಿದಿದ್ದರೆ ಉಳಿಯುತ್ತಿದ್ದಳೇ? ಗೊತ್ತಿಲ್ಲ. ಉಳಿಯುವ ಅವಕಾಶವನ್ನು ಅವಳಿಂದ ಕಿತ್ತುಕೊಂಡವಳು ನಾನು ಎಂಬುದು ಗೊತ್ತು.

ನಿನ್ನೆ ನೀನು ಫೋನು ಮಾಡಿದೆ. ನಿನಗೂ ಈಗ ಸಕ್ಕರೆ ಕಾಯಿಲೆ, ನಿನ್ನ ಹಿಮ್ಮಡಿಯಲ್ಲೂ ಮಾಯದ ಗಾಯ. "ದವಾಖಾನಿ ಯಾಕಕ್ಕಾ, ಅವ್ವಗ ಕೊಟ್ಟಿದ್ಯಲ್ಲ, ಅದ ಡಬ್ಬಿ ತಗೊಂಡ ಬಾ" ಎಂದು ನೀನು ಅಂದಾಗ, ನಾನು "ಹೂಂ" ಅಂದುಬಿಟ್ಟೆ. ಹಳೆಯ ಅಭ್ಯಾಸ.

ಡಬ್ಬಿ ತರುವುದಿಲ್ಲ, ಸುರೇಖಾ. ನಾನು ಬರುತ್ತಿದ್ದೇನೆ. ಇದೆಲ್ಲವನ್ನೂ ನಿನ್ನೆದುರು ಕುಳಿತು ನನ್ನ ಬಾಯಿಂದಲೇ ಹೇಳುತ್ತೇನೆ. ಇದನ್ನು ಬರೆದು ಜೊತೆಗೆ ತರುತ್ತಿರುವುದು, ಅಲ್ಲಿ ನನ್ನ ನಾಲಿಗೆ ಮತ್ತೆ ಹಿಂಜರಿಯದಿರಲಿ ಎಂದು. ಕೇಳಿದ ಮೇಲೆ ನೀನು ಬೈಯಬಹುದು, ಇನ್ನೆಂದೂ ನನ್ನ ಮುಖ ನೋಡದಿರಬಹುದು. ನನ್ನ ಜೊತೆ ದವಾಖಾನೆಗೆ ಬರಲು ಮನಸ್ಸಾಗದಿದ್ದರೆ ಬೇರೆ ಯಾರ ಜೊತೆಗಾದರೂ ಹೋಗು. ಇವತ್ತೇ ಹೋಗು.